ಬಾಡಿಗೆ 28 ಸಾವಿರ, ಅದರ ಮೇಲೆ ಇಷ್ಟೆಲ್ಲ ಖರ್ಚು ನಮ್ಮದೇನಾ? ಪುಣೆ, ಮುಂಬೈನವರು ಸ್ವಲ್ಪ ಹೇಳಿ

ಹುಬ್ಳಿಯಿಂದ ವಾಕಡ್‌ಗೆ

ಎಲ್ಲರಿಗೂ ನಮಸ್ಕಾರ್ರೀ. ಮುಂದಿನ ತಿಂಗಳು ಕೆಲಸದ ಸಲುವಾಗಿ ಹುಬ್ಬಳ್ಳಿಯಿಂದ ಪುಣೆಗೆ ಬರುತ್ತಿದ್ದೇವೆ. ನಾನು, ಹೆಂಡತಿ, ಮಗಳು, ಅವ್ವ. ವಾಕಡ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಒಂದು ಇಷ್ಟವಾಗಿದೆ. ಮಗಳ ಶಾಲೆ ಹತ್ತಿರ, ಅವ್ವನಿಗೆ ಲಿಫ್ಟ್ ಇದೆ, ಬೆಳಕು ಗಾಳಿ ಚೆನ್ನಾಗಿದೆ. ಬಾಡಿಗೆ 28 ಸಾವಿರ, ಡಿಪಾಸಿಟ್ ಮೂರು ತಿಂಗಳದ್ದು ಅಂದರೆ 84 ಸಾವಿರ. ಇಲ್ಲಿಯತನಕ ಸರಿ.

ನಿನ್ನೆ ಓನರ್ ವಾಟ್ಸಾಪ್‌ನಲ್ಲಿ ಉಳಿದ ಲೆಕ್ಕ ಕಳಿಸಿದ್ದಾರೆ. ಮೇಂಟೆನೆನ್ಸ್ ತಿಂಗಳಿಗೆ 4,800. ಸೊಸೈಟಿಗೆ, ಅಂದರೆ ಕಟ್ಟಡದ ಫ್ಲ್ಯಾಟ್ ಓನರ್‌ಗಳ ಸಂಘಕ್ಕೆ, ಶಿಫ್ಟಿಂಗ್ ಚಾರ್ಜ್ 5,000. ಅಗ್ರಿಮೆಂಟ್ ಖರ್ಚು 4,500. ಪೊಲೀಸ್ ವೆರಿಫಿಕೇಶನ್ 1,000. ಕರೆಂಟು, ಪೈಪ್ ಗ್ಯಾಸ್, ಟ್ಯಾಂಕರ್ ನೀರು ಎಷ್ಟು ಬರುತ್ತೋ ಅಷ್ಟು. ನಾವು ಎಲ್ಲ ಸೇರಿ 30 ಸಾವಿರ ಅಂತ ಲೆಕ್ಕ ಹಾಕಿದ್ದೆವು, ಈಗ ನೋಡಿದರೆ 35ಕ್ಕೂ ಮೇಲೆ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಬಾಡಿಗೆ, ಕರೆಂಟು, ನೀರು, ಮುಗೀತು. ಇಲ್ಲಿ ಯಾವುದು ನಿಜವಾಗಿಯೂ ನಾವು ಕೊಡಬೇಕಾದದ್ದು, ಯಾವುದು ಓನರ್‌ದು? ಕೇಳಿದರೆ ಮನೆ ಕೈತಪ್ಪುತ್ತದೇನೋ ಅನ್ನೋ ಅಳುಕೂ ಇದೆ.

ಡೊಂಬಿವ್ಲಿ ಅಕ್ಕ

ಅಳುಕಬೇಡಿ ತಮ್ಮಾ. ಕೇಳೋದರಲ್ಲಿ ತಪ್ಪೇನಿಲ್ಲ, ಕೇಳುವ ರೀತಿ ಮೆತ್ತಗಿದ್ದರೆ ಸಾಕು. ನಮ್ಮ ಸೊಸೈಟಿಯ ಕಮಿಟಿಯಲ್ಲಿ ಲೆಕ್ಕಪತ್ರ ನಾನೇ ನೋಡಿಕೊಳ್ಳುತ್ತಿದ್ದೆ, ಅದಕ್ಕೇ ಹೇಳ್ತೀನಿ. ಮೊದಲು ಒಂದು ಕೆಲಸ ಮಾಡಿ. ಓನರ್ ಹತ್ತಿರ ಸೊಸೈಟಿಯವರು ಕೊಟ್ಟ ಹೋದ ತಿಂಗಳ ಬಿಲ್ಲಿನ ಫೋಟೋ ಕೇಳಿ. ವಾಟ್ಸಾಪ್‌ನಲ್ಲಿ ಬರೆದ ಅಂಕಿ ಬೇಡ, ಬಿಲ್ಲೇ ಬೇಕು. ‘ಮೇಂಟೆನೆನ್ಸ್’ ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ, ಆದರೆ ಆ ಬಿಲ್ಲಿನೊಳಗೆ ಏಳೆಂಟು ಸಾಲು ಇರುತ್ತವೆ. ಅದರಲ್ಲಿ ಅರ್ಧ ನೀವು ಅಲ್ಲಿ ಇರೋದಕ್ಕೆ ಆಗುವ ಖರ್ಚು. ಇನ್ನರ್ಧ ಅವರ ಆಸ್ತಿ ಕಾಪಾಡೋದಕ್ಕೆ. ಬಿಲ್ ನೋಡದೆ ಯಾರೂ ಏನೂ ಹೇಳೋಕಾಗಲ್ಲ.

ಹುಬ್ಳಿಯಿಂದ ವಾಕಡ್‌ಗೆ

ಅಕ್ಕಾ, ಕೇಳಿದೆ, ಕಳಿಸಿದ್ದಾರೆ. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಬಿಲ್ಲಿನಲ್ಲಿ ಇರೋದು ಹೀಗೆ: ಸರ್ವಿಸ್ ಚಾರ್ಜ್ 2,400, ಲಿಫ್ಟ್ 250, ನೀರು 350, ಪಾರ್ಕಿಂಗ್ 200, ರಿಪೇರಿ ಫಂಡ್ 600, ಸಿಂಕಿಂಗ್ ಫಂಡ್ 250, ನಾನ್ ಆಕ್ಯುಪೆನ್ಸಿ 750. ಒಟ್ಟು 4,800. ಅಂದರೆ ಅವರು ಒಂದು ರೂಪಾಯಿ ಜಾಸ್ತಿ ಸೇರಿಸಿಲ್ಲ, ಬಂದ ಬಿಲ್ಲನ್ನು ಹಾಗೇ ನಮಗೆ ಹೇಳಿದ್ದಾರೆ. ಆದರೆ ಈ ನಾನ್ ಆಕ್ಯುಪೆನ್ಸಿ ಅಂದರೆ ಏನು? ಮನೆ ಖಾಲಿ ಇದ್ದದ್ದಕ್ಕೆ ದಂಡಾನಾ?

ಡೊಂಬಿವ್ಲಿ ಅಕ್ಕ

ದಂಡ ಅಲ್ಲ. ಓನರ್ ತಾನು ಇರದೆ ಬೇರೆಯವರಿಗೆ ಬಾಡಿಗೆಗೆ ಕೊಟ್ಟಾಗ ಸೊಸೈಟಿ ಅವರಿಂದ ತಗೊಳ್ಳುವ ಹಣ ಅದು. ಇದು ಬಹಳ ಜನರಿಗೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಿಂದೆ ಮುಂಬೈ ಸೊಸೈಟಿಗಳು ಈ ಹೆಸರಲ್ಲಿ ಮನಸ್ಸಿಗೆ ಬಂದಷ್ಟು ಕೇಳುತ್ತಿದ್ದವು. ಕೆಲವು ಕಡೆ ಬಾಡಿಗೆಯಲ್ಲೇ ಪಾಲು ಕೇಳುತ್ತಿದ್ದರು. ಮಹಾರಾಷ್ಟ್ರ ಸರ್ಕಾರ 2001ರ ಆಗಸ್ಟ್ 1ರಂದು ಸಹಕಾರಿ ಸಂಘಗಳ ಕಾಯ್ದೆ 1960ರ 79ಎ ಕಲಂ ಅಡಿ ಆದೇಶ ಮಾಡಿ, ಸರ್ವಿಸ್ ಚಾರ್ಜಿನ ಶೇ 10ಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ ಅಂತ ಮಿತಿ ಹಾಕಿತು. ಆ ಸರ್ವಿಸ್ ಚಾರ್ಜಿನಲ್ಲಿ ಮುನ್ಸಿಪಾಲ್ಟಿ ತೆರಿಗೆ ಸೇರಿಸುವಂತಿಲ್ಲ. ಸೊಸೈಟಿಗಳು ಕೋರ್ಟಿಗೆ ಹೋದವು. 2007ರಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶ ಸರಿ ಅಂತ ಹೇಳಿತು. ಈಗ ನಿಮ್ಮ ಬಿಲ್ ನೋಡಿ. ಸರ್ವಿಸ್ ಚಾರ್ಜ್ 2,400, ಅದರ ಶೇ 10 ಅಂದರೆ 240. ಅವರು ಹಾಕಿರೋದು 750. ಮೂರು ಪಟ್ಟು ಜಾಸ್ತಿ. ಒಟ್ಟು ಬಿಲ್ಲಿನ ಮೇಲೆ ಲೆಕ್ಕ ಹಾಕಿದರೂ ಅಷ್ಟಾಗಲ್ಲ.

ಇದನ್ನು ಪ್ರಶ್ನೆ ಮಾಡಬೇಕಾದವರು ನೀವಲ್ಲ, ಓನರ್. ಸೊಸೈಟಿಯ ಸದಸ್ಯರು ಅವರೇ ಅಲ್ವಾ. ಆದರೆ ನೀವು ಈ ವಿಷಯ ಅವರ ಕಿವಿಗೆ ಹಾಕಿದರೆ ಅವರಿಗೇ ಲಾಭ. ತಿಂಗಳಿಗೆ 510 ಉಳಿಯುತ್ತದೆ. ಕಮಿಟಿ ಒಪ್ಪದಿದ್ದರೆ ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಯಲ್ಲಿ ದೂರು ಕೊಡಬಹುದು.

ರಿಪೇರಿ ಫಂಡ್ ಮತ್ತು ಸಿಂಕಿಂಗ್ ಫಂಡ್. ಸೊಸೈಟಿ ನಡೆಸೋದಕ್ಕೆ ಸರ್ಕಾರ ಕೊಟ್ಟ ನಿಯಮಾವಳಿ, ಅಂದರೆ ಮಾದರಿ ಉಪವಿಧಿಗಳ ಪ್ರಕಾರ ಇವೆರಡೂ ಫ್ಲ್ಯಾಟ್ ಕಟ್ಟಿದ ಖರ್ಚಿನ ಮೇಲೆ ಲೆಕ್ಕ. ಸಿಂಕಿಂಗ್ ಫಂಡ್ ವರ್ಷಕ್ಕೆ ಕನಿಷ್ಠ ಶೇ 0.25, ರಿಪೇರಿ ಫಂಡ್ ಕನಿಷ್ಠ ಶೇ 0.75. ಸಿಂಕಿಂಗ್ ಫಂಡ್ ಅಂದರೆ ಮುಂದೆ ಕಟ್ಟಡ ಹಳೆಯದಾದಾಗ ಪಿಲ್ಲರ್, ಸ್ಲ್ಯಾಬು ಅಂತ ದೊಡ್ಡ ರಿಪೇರಿ ಬಂದರೆ, ಅಥವಾ ಪೂರ್ತಿ ಕೆಡವಿ ಕಟ್ಟಬೇಕಾದರೆ ಬೇಕಾಗುವ ಹಣ. ನೀವು ಒಂದೆರಡು ವರ್ಷ ಇದ್ದು ಹೋಗುವವರು. ಆ ಹಣದಿಂದ ಬೆಲೆ ಏರೋದು ಅವರ ಆಸ್ತಿಗೆ. ನೀವು ಅದನ್ನು ಕಟ್ಟಬೇಕು ಅನ್ನೋದು ನ್ಯಾಯ ಅಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ನಿಮ್ಮ ಪಾಲು ಸರ್ವಿಸ್ ಚಾರ್ಜ್, ಲಿಫ್ಟ್, ನೀರು, ಪಾರ್ಕಿಂಗ್. ಕೂಡಿಸಿದರೆ 3,200. ಉಳಿದ 1,600 ಅವರದು.

ಬೋರಿವಲಿ ಶೆಟ್ರು

ಅಕ್ಕ ಹೇಳಿದ್ದು ಬಹುಪಾಲು ಸರಿ, ಆದರೆ ಓನರ್ ಕಡೆಯಿಂದಲೂ ಒಂದು ಮಾತು ಬೇಕು. ನನ್ನದೂ ಒಂದು ಫ್ಲ್ಯಾಟ್ ಬಾಡಿಗೆಗಿದೆ. ಸೊಸೈಟಿ ಮತ್ತು ಓನರ್ ನಡುವೆ ಏನಿರಬೇಕು ಅಂತ ಕಾನೂನು ಹೇಳುತ್ತದೆ. ಓನರ್ ಮತ್ತು ಬಾಡಿಗೆದಾರರ ನಡುವೆ ಸಿಂಕಿಂಗ್ ಫಂಡ್ ಯಾರು ಕೊಡಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಅದು ಅಗ್ರಿಮೆಂಟಿಗೆ ಬಿಟ್ಟದ್ದು. ‘ಸೊಸೈಟಿ ಬಿಲ್ ಪೂರ್ತಿ ಬಾಡಿಗೆದಾರರು ಕೊಡತಕ್ಕದ್ದು’ ಅಂತ ಬರೆದು ನೀವು ಸಹಿ ಹಾಕಿದರೆ ಆಮೇಲೆ ನ್ಯಾಯ ಅನ್ಯಾಯ ಅಂತ ಮಾತಾಡಿ ಉಪಯೋಗವಿಲ್ಲ.

ಇನ್ನೊಂದು. ಕೆಲವರು ಬಾಡಿಗೆ ಕಮ್ಮಿ ಇಟ್ಟು ಬಿಲ್ ಪೂರ್ತಿ ದಾಟಿಸುತ್ತಾರೆ. ಕೆಲವರು ಎಲ್ಲ ಸೇರಿಸಿ ಒಂದೇ ಅಂಕಿ ಹೇಳುತ್ತಾರೆ. ಪಕ್ಕದ ಕಟ್ಟಡದಲ್ಲಿ ಎಲ್ಲ ಸೇರಿ 33 ಸಾವಿರ ಇದ್ದರೆ ಇಲ್ಲಿ 28 ಪ್ಲಸ್ 4,800 ಅಷ್ಟೊಂದು ಕೆಟ್ಟದ್ದೇನಲ್ಲ. ಹಾಗಾಗಿ ಸಾಲು ಸಾಲು ಜಗಳ ಮಾಡೋ ಬದಲು ಒಟ್ಟು ತಿಂಗಳಿಗೆ ಎಷ್ಟು ಅಂತ ನೋಡಿ ಚೌಕಾಸಿ ಮಾಡಿ.

ಡೊಂಬಿವ್ಲಿ ಅಕ್ಕ

ಶೆಟ್ರೇ, ಅಗ್ರಿಮೆಂಟಿನ ಮಾತು ಒಪ್ಪುತ್ತೇನೆ. ಆದರೆ ಒಟ್ಟು ನೋಡಿದರೆ ಸಾಕು ಅನ್ನೋದು ಒಪ್ಪಲ್ಲ. ಯಾಕೆ ಅಂದರೆ ಒಟ್ಟು ನಿಂತಲ್ಲಿ ನಿಲ್ಲಲ್ಲ. ‘ಸೊಸೈಟಿ ಬಿಲ್ ಎಷ್ಟು ಬಂದರೂ ನಿಮ್ಮದು’ ಅಂತ ಬರೆದುಕೊಂಡ ಮೇಲೆ ಸೊಸೈಟಿಯವರು ಸಭೆ ಮಾಡಿ, ಹೊರಗೋಡೆಗೆ ಪೇಂಟ್, ಟೆರೇಸಿಗೆ ವಾಟರ್‌ಪ್ರೂಫಿಂಗ್ ಅಂತ ಫ್ಲ್ಯಾಟಿಗೆ ಇಷ್ಟು ಸಾವಿರ ಅಂತ ಠರಾವು ಮಾಡಿದರೆ? ಆ ಬಿಲ್ಲೂ ಅದೇ ಕಾಗದದಲ್ಲಿ ಬರುತ್ತದೆ. ಬಾಡಿಗೆದಾರರಿಗೆ ಆ ಸಭೆಯಲ್ಲಿ ಕೂರುವ ಹಕ್ಕಿಲ್ಲ, ಓಟಿಲ್ಲ. ತಾನು ಬಾಯಿ ಹಾಕಲಾಗದ ಖರ್ಚನ್ನು ಅವರು ಯಾಕೆ ಹೊರಬೇಕು? ನಮ್ಮ ಕಟ್ಟಡದಲ್ಲೇ ಒಂದು ಸಂಸಾರ ಮೂರೂವರೆ ಸಾವಿರದ ಮೇಂಟೆನೆನ್ಸ್ ಅಂತ ಬಂದು, ದೊಡ್ಡ ರಿಪೇರಿ ಶುರುವಾದಾಗ ಓನರ್ ಜೊತೆ ಮನಸ್ತಾಪ ಆಗಿ, ಮಗುವಿನ ಪರೀಕ್ಷೆ ಹತ್ತಿರ ಇರುವಾಗ ಮನೆ ಬಿಟ್ಟರು. ಅದನ್ನು ನೋಡಿದವಳು ನಾನು.

ಅದಕ್ಕೆ ಅಂಕಿ ಬರೆದುಬಿಡಿ ಅನ್ನೋದು. ‘ತಿಂಗಳಿಗೆ 3,200, ಇದಕ್ಕಿಂತ ಜಾಸ್ತಿ ಬಂದರೆ ಓನರ್ ಹೊಣೆ’ ಅಂತ ಅಗ್ರಿಮೆಂಟಿನಲ್ಲಿ ಒಂದು ಸಾಲು.

ಬೋರಿವಲಿ ಶೆಟ್ರು

ಅಂಕಿ ಬರೆಯೋದಕ್ಕೆ ನನ್ನ ತಕರಾರಿಲ್ಲ ಅಕ್ಕ. ನಾನೂ ಹಾಗೇ ಬರೆಸಿದ್ದೇನೆ. ವಿಶೇಷ ವಂತಿಗೆ ಬಾಡಿಗೆದಾರರ ತಲೆಗೆ ಕಟ್ಟೋದು ಖಂಡಿತ ತಪ್ಪು.

ಹಿಂಜೆವಾಡಿ ಹುಡುಗಿ

ನಡುವೆ ನುಗ್ತಿದ್ದೀನಿ, ಕ್ಷಮಿಸಿ. ನಾವು ಮೂರು ಜನ ಹುಡುಗಿಯರು ಒಂದು ಫ್ಲ್ಯಾಟಿನಲ್ಲಿದ್ದೇವೆ. ಸೊಸೈಟಿಯವರು ‘ಬ್ಯಾಚುಲರ್‌ಗಳಿಗೆ ಮೇಂಟೆನೆನ್ಸ್ ಡಬಲ್’ ಅಂತಾರೆ. ಫ್ಯಾಮಿಲಿಯಲ್ಲಿ ಐದು ಜನ ಇದ್ದರೂ ಸಿಂಗಲ್, ನಾವು ಮೂರು ಜನಕ್ಕೆ ಡಬಲ್. ಇದು ಯಾವ ನಿಯಮ?

ಡೊಂಬಿವ್ಲಿ ಅಕ್ಕ

ಅಂಥ ನಿಯಮ ಇಲ್ಲ ಮಗಳೇ. ಮಾದರಿ ಉಪವಿಧಿಗಳಲ್ಲಿ ಸರ್ವಿಸ್ ಚಾರ್ಜ್ ಅಂದರೆ ವಾಚ್‌ಮನ್, ಗುಡಿಸುವವರ ಸಂಬಳ, ಮೆಟ್ಟಿಲು ದೀಪದ ಕರೆಂಟು, ಆಡಿಟ್ ಫೀ ಇಂಥವು, ಎಲ್ಲ ಫ್ಲ್ಯಾಟಿಗೂ ಸಮವಾಗಿ ಹಂಚಬೇಕು. ಒಂದು ಬೆಡ್‌ರೂಮ್ ಇರಲಿ ಮೂರು ಇರಲಿ ಸಮ. ಲಿಫ್ಟೂ ಹಾಗೇ. ನೀರು ಮಾತ್ರ ಫ್ಲ್ಯಾಟಿನಲ್ಲಿ ಎಷ್ಟು ನಲ್ಲಿ, ಎಷ್ಟು ಅಗಲದ ಪೈಪು ಅನ್ನೋದರ ಮೇಲೆ. ಒಳಗೆ ಯಾರಿದ್ದಾರೆ, ಮದುವೆ ಆಗಿದೆಯಾ ಅನ್ನೋದರ ಮೇಲೆ ಯಾವುದೂ ಇಲ್ಲ. ಬಾಡಿಗೆಗೆ ಕೊಟ್ಟದ್ದಕ್ಕೆ ಜಾಸ್ತಿ ಅಂದರೆ ಅದೇ ಶೇ 10, ಅದೂ ಓನರ್ ಹತ್ತಿರ. ನಿಮ್ಮ ಓನರ್‌ಗೆ ಹೇಳಿ, ಲಿಖಿತವಾಗಿ ಕೇಳಲಿ. ಕಮಿಟಿಯವರು ಬಾಯಲ್ಲಿ ಹೇಳೋದನ್ನು ಕಾಗದದಲ್ಲಿ ಬರೆದುಕೊಡಲು ಹಿಂಜರಿಯುತ್ತಾರೆ.

ಕೋಥ್ರೂಡ್ ವಕೀಲರ ಮನೆ

ಒಂದು ಸಣ್ಣ ತಿದ್ದುಪಡಿ. ಪುಣೆಯಲ್ಲಿ ಬಹಳ ಕಟ್ಟಡಗಳು ಸಹಕಾರಿ ಸೊಸೈಟಿ ಅಲ್ಲ, ಅಪಾರ್ಟ್‌ಮೆಂಟ್ ಕಾಂಡೊಮಿನಿಯಂ. ಅವಕ್ಕೆ ಮಹಾರಾಷ್ಟ್ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ 1970 ಅನ್ವಯ. ಅಲ್ಲಿ ಸಾಮಾನ್ಯ ಖರ್ಚು ಸಮ ಹಂಚಿಕೆ ಅಲ್ಲ, ಡೀಡ್‌ನಲ್ಲಿ, ಅಂದರೆ ಮಾಲೀಕತ್ವದ ಪತ್ರದಲ್ಲಿ, ಬರೆದ ಪಾಲಿನ ಪ್ರಮಾಣದಲ್ಲಿ. ದೊಡ್ಡ ಫ್ಲ್ಯಾಟಿಗೆ ಜಾಸ್ತಿ. 2001ರ ಶೇ 10ರ ಆದೇಶ ಸಹಕಾರಿ ಸೊಸೈಟಿಗಳಿಗೆ ಕೊಟ್ಟದ್ದು. ಹಾಗಾಗಿ ವಾದ ಶುರು ಮಾಡುವ ಮೊದಲು ಬಿಲ್ಲಿನ ತಲೆಯಲ್ಲಿ ಏನು ಹೆಸರಿದೆ ನೋಡಿ. ‘ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ’ ಅಂತ ನೋಂದಣಿ ನಂಬರ್ ಇದ್ದರೆ ಅಕ್ಕ ಹೇಳಿದ್ದು ಪೂರ್ತಿ ಅನ್ವಯ.

ಹುಬ್ಳಿಯಿಂದ ವಾಕಡ್‌ಗೆ

ನೋಡಿದೆ ಸರ್. ಕೋ-ಆಪರೇಟಿವ್ ಅಂತಲೇ ಇದೆ, ನೋಂದಣಿ ನಂಬರೂ ಇದೆ. ಆ ಶಿಫ್ಟಿಂಗ್ ಚಾರ್ಜ್, ಅಗ್ರಿಮೆಂಟಿನ 4,500 ಬಗ್ಗೆ ಸ್ವಲ್ಪ ಹೇಳಿ.

ಕೋಥ್ರೂಡ್ ವಕೀಲರ ಮನೆ

ಅಗ್ರಿಮೆಂಟ್ ಲೆಕ್ಕ ನೀವೇ ಮಾಡಬಹುದು. ಇಲ್ಲಿ ಮಾಡೋದು ಲೀವ್ ಅಂಡ್ ಲೈಸೆನ್ಸ್ ಅನ್ನೋ ಬಾಡಿಗೆ ಒಪ್ಪಂದ, ಸಾಮಾನ್ಯವಾಗಿ 11 ತಿಂಗಳಿಗೆ. ಸ್ಟ್ಯಾಂಪ್ ಡ್ಯೂಟಿ ಶೇ 0.25. ಯಾವುದರ ಮೇಲೆ ಅಂದರೆ, ಪೂರ್ತಿ ಅವಧಿಯ ಬಾಡಿಗೆ, ಮತ್ತು ವಾಪಸ್ ಬರುವ ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ 10ರಂತೆ ಬಡ್ಡಿ ಹಿಡಿದು ಬರುವ ಮೊತ್ತ, ಎರಡೂ ಕೂಡಿಸಿ. ನಿಮ್ಮ ಬಾಡಿಗೆ 28,000 ಗುಣಿಸು 11, ಅಂದರೆ 3,08,000. ಡಿಪಾಸಿಟ್ 84,000ದ ಮೇಲೆ 11 ತಿಂಗಳಿಗೆ 7,700. ಒಟ್ಟು 3,15,700. ಅದರ ಶೇ 0.25 ಸುಮಾರು 790. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಫೀ 1,000. ದಾಖಲೆ ನಿರ್ವಹಣೆಗೆ ಅಂತ ಸ್ವಲ್ಪ ಬೇರೆ. ಸರ್ಕಾರಕ್ಕೆ ಹೋಗುವ ಹಣ ಇಷ್ಟೇ. ಉಳಿದದ್ದು ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಮಶೀನು ಹಿಡಿದು ಮನೆಗೆ ಬರುವ ಏಜೆಂಟನ ಕೂಲಿ. ಅವನಿಗೂ ಹೊಟ್ಟೆಪಾಡು, ಕೊಡಬೇಡಿ ಅನ್ನಲ್ಲ. ಆದರೆ 4,500 ಜಾಸ್ತಿ ಆಯಿತು. ಅರ್ಧ ನಿಮ್ಮದು, ಅರ್ಧ ಓನರ್‌ದು ಅಂತ ಮಾಡಿಕೊಳ್ಳುವ ರೂಢಿಯೂ ಇಲ್ಲಿದೆ. ಕೇಳಿ ನೋಡಿ.

ಏನೇ ಆಗಲಿ ನೋಂದಣಿ ಬಿಡಬೇಡಿ. ‘ಸುಮ್ನೆ ನೋಟರಿ ಮಾಡಿಸೋಣ, ಖರ್ಚು ಉಳಿಯುತ್ತೆ’ ಅನ್ನುವವರು ಸಿಗುತ್ತಾರೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ 55ನೇ ಕಲಂ ಪ್ರಕಾರ ಒಪ್ಪಂದ ಬರಹದಲ್ಲಿರಬೇಕು, ನೋಂದಣಿ ಆಗಬೇಕು, ಅದು ಮನೆ ಮಾಲೀಕರ ಹೊಣೆ. ಮಾಡಿಸದಿದ್ದರೆ ಅವರಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಣಿಯಾದ ಕಾಗದ ಇಲ್ಲದೆ ಜಗಳ ಬಂದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜ ಅಂತ ಹಿಡಿಯುತ್ತಾರೆ, ಅಲ್ಲ ಅಂತ ಸಾಬೀತಾಗುವವರೆಗೆ. ಓನರ್‌ಗೂ ಇದು ಬೇಕಾದ ಕಾಗದವೇ.

ಪೊಲೀಸ್ ವೆರಿಫಿಕೇಶನ್ ಅನ್ನೋದು ಬಾಡಿಗೆದಾರರ ಮಾಹಿತಿಯನ್ನು ಓನರ್ ಪೊಲೀಸರಿಗೆ ಕೊಡೋದು. ಪೊಲೀಸರ ವೆಬ್‌ಸೈಟಿನಲ್ಲಿ ಓನರ್ ತಾವೇ ತುಂಬಬಹುದು. ಫೋಟೋ, ಆಧಾರ್, ಅಗ್ರಿಮೆಂಟ್ ಕೊಟ್ಟರೆ ಮುಗೀತು. ಆ 1,000 ಏಜೆಂಟನ ಓಡಾಟದ ಹಣ. ಒಟ್ಟಿಗೇ ಮಾಡಿಕೊಡು ಅಂತ ಚೌಕಾಸಿ ಮಾಡಿ.

ಮುಲುಂಡ್ ಪಾಟೀಲ

ಶಿಫ್ಟಿಂಗ್ ಚಾರ್ಜ್ ಬಗ್ಗೆ ನಾನು ಹೇಳ್ತೀನಿ. ನಾವು ಮನೆ ಬದಲಾಯಿಸಿದಾಗ ಗೇಟಿನಲ್ಲಿ ಟೆಂಪೋ ನಿಲ್ಲಿಸಿ, ಹಣ ಕಟ್ಟದೆ ಒಳಗೆ ಬಿಡಲ್ಲ ಅಂದರು. ಮಧ್ಯಾಹ್ನದ ಬಿಸಿಲು, ಟೆಂಪೋದಲ್ಲಿ ಫ್ರಿಜ್ಜು, ಕಪಾಟು, ಹಮಾಲರು ತಾಸಿನ ಲೆಕ್ಕ ಹೇಳ್ತಾ ಇದ್ದಾರೆ. ಅಂಥ ಹೊತ್ತಲ್ಲಿ ಯಾರು ವಾದ ಮಾಡ್ತಾರೆ? ಅದಕ್ಕೇ ಆ ಹೊತ್ತಲ್ಲೇ ಕೇಳೋದು. ಮಾದರಿ ಉಪವಿಧಿಗಳಲ್ಲಿ ಸೊಸೈಟಿ ಏನೇನು ವಸೂಲಿ ಮಾಡಬಹುದು ಅಂತ ಪಟ್ಟಿ ಇದೆ. ಶಿಫ್ಟಿಂಗ್ ಅನ್ನೋ ಹೆಸರು ಅದರಲ್ಲಿಲ್ಲ. ಕೊನೆಗೆ ‘ಇತರೆ’ ಅಂತ ಒಂದು ಸಾಲಿದೆ, ಅದನ್ನೇ ಹಿಡಿದು ಸರ್ವಸಭೆಯಲ್ಲಿ ಠರಾವು ಮಾಡಿಕೊಂಡಿರುತ್ತಾರೆ.

ಲಿಫ್ಟಿನ ಬಾಗಿಲು ಜಜ್ಜಿದರೆ, ಗೋಡೆ ಕೆರೆದರೆ ಅಂತ ಡಿಪಾಸಿಟ್ ಇಟ್ಟುಕೊಂಡು ಸಾಮಾನು ಸಾಗಿಸಿದ ಮೇಲೆ ವಾಪಸ್ ಕೊಟ್ಟರೆ ಅದಕ್ಕೆ ಅರ್ಥ ಇದೆ. ವಾಪಸ್ ಬರದ 5,000ಕ್ಕೆ ನನಗಂತೂ ಅರ್ಥ ಕಾಣಲ್ಲ. ಠರಾವಿನ ನಕಲು ಕೇಳಿ, ರಸೀದಿ ಕೇಳಿ. ಇದನ್ನೆಲ್ಲ ಟೆಂಪೋ ಗೊತ್ತುಮಾಡೋ ಮೊದಲೇ ಓನರ್ ಮೂಲಕ ಮುಗಿಸಿ.

ವಾಘೋಲಿಯಿಂದ

ಎಲ್ಲರೂ ಮೇಂಟೆನೆನ್ಸ್ ಹಿಂದೆ ಬಿದ್ದಿದ್ದೀರಿ. ಪುಣೆಯಲ್ಲಿ ನಿಜವಾಗಿ ಜೇಬು ಹರಿಯೋದು ಟ್ಯಾಂಕರ್. ‘ಎಷ್ಟು ಬರುತ್ತೋ ಅಷ್ಟು’ ಅಂದಿದ್ದಾರಲ್ಲ, ಆ ಮಾತಿಗೆ ಹೆದರಿ. ವಾಕಡ್ ಪಿಂಪ್ರಿ-ಚಿಂಚ್‌ವಡ್ ಮಹಾನಗರಪಾಲಿಕೆಗೆ ಬರುತ್ತದೆ, ಅಲ್ಲಿ 2019ರ ಕೊನೆಯಿಂದ ದಿನ ಬಿಟ್ಟು ದಿನ ನೀರು. ಸಾಲದ್ದಕ್ಕೆ ಟ್ಯಾಂಕರ್. ಮಳೆಗಾಲದಲ್ಲಿ ಕಮ್ಮಿ, ಮಾರ್ಚ್‌ನಿಂದ ಜೂನ್‌ತನಕ ಜಾಸ್ತಿ. ನೀವು ಮನೆ ನೋಡೋದು ಯಾವ ತಿಂಗಳು ಅನ್ನೋದರ ಮೇಲೆ ಓನರ್ ಹೇಳುವ ಅಂಕಿ ಇರುತ್ತದೆ. ಹೋದ ಏಪ್ರಿಲ್, ಮೇ ತಿಂಗಳ ಸೊಸೈಟಿ ಬಿಲ್ ಕೇಳಿ. ಅದರಲ್ಲಿ ಟ್ಯಾಂಕರ್ ಅಂತ ಬೇರೆ ಸಾಲು ಇದೆಯಾ ನೋಡಿ. ವಾಚ್‌ಮನ್‌ಗೂ ಒಂದು ಮಾತು ಕೇಳಿ, ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಅಂತ. ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಗೇಟಿನ ರಿಜಿಸ್ಟರಿನಲ್ಲಿ ಬರೆದುಕೊಳ್ಳುವವರು ಅವರೇ.

ನೀರು ನೀವು ಬಳಸುವುದು, ಹಾಗಾಗಿ ಟ್ಯಾಂಕರ್ ನಿಮ್ಮ ಪಾಲಿಗೇ ಬರುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ನಾಲ್ಕು ತಿಂಗಳ ಖರ್ಚು ಮೊದಲೇ ಗೊತ್ತಿದ್ದರೆ ಬಜೆಟ್ ಹಾಕಬಹುದು. ಅವ್ವ, ಮಗು ಇರುವ ಮನೆ, ನೀರಿಲ್ಲದೆ ಒಂದು ದಿನವೂ ಆಗಲ್ಲ.

ಬೋರಿವಲಿ ಶೆಟ್ರು

ಇದು ಬಹಳ ಒಳ್ಳೆಯ ಮಾತು. ಮುಂಬೈನಲ್ಲಿ ಬಿಎಂಸಿ (ಮಹಾನಗರಪಾಲಿಕೆ) ನೀರು ಸೊಸೈಟಿ ಮೀಟರಿಗೆ ಬಂದು ಬಿಲ್ಲಿನೊಳಗೇ ಸೇರಿಹೋಗುವುದರಿಂದ ನಮಗೆ ಇದು ಹೊಳೆಯಲ್ಲ.

ಮುಲುಂಡ್ ಪಾಟೀಲ

ಕರೆಂಟಿನ ಬಗ್ಗೆಯೂ ಹೇಳಿಬಿಡುತ್ತೇನೆ, ಲೈನಿನ ಕೆಲಸದಲ್ಲಿ ಇದ್ದವನು. ಪುಣೆಯಲ್ಲಿ ಕರೆಂಟು ಕೊಡೋದು ಸರ್ಕಾರಿ ಕಂಪನಿ ಮಹಾವಿತರಣ. ಮುಂಬೈ ಊರೊಳಗೆ ಬೆಸ್ಟ್. ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ. ನಮ್ಮ ಮುಲುಂಡ್, ಭಾಂಡುಪ್‌ನಲ್ಲಿ ಮತ್ತೆ ಮಹಾವಿತರಣ. ದರ ಬೇರೆ ಬೇರೆ, ಆದರೆ ಬಿಲ್ಲಿನ ಕಟ್ಟು ಒಂದೇ ಥರ. ಮರಾಠಿಯಲ್ಲಿ ಆಕಾರ ಅಂದರೆ ಚಾರ್ಜು, ವೀಜ ಅಂದರೆ ಕರೆಂಟು. ಸ್ಥಿರ ಆಕಾರ ಅಂದರೆ ಒಂದು ಯೂನಿಟ್ ಉರಿಸದಿದ್ದರೂ ಕೊಡಬೇಕಾದ್ದು. ವೀಜ ಆಕಾರ ಯೂನಿಟ್‌ದು. ವಹನ ಆಕಾರ ತಂತಿಯಲ್ಲಿ ಸಾಗಿಸಿದ್ದಕ್ಕೆ. ಇಂಧನ ಸಮಾಯೋಜನ ಆಕಾರ ಕಲ್ಲಿದ್ದಲು, ವಿದ್ಯುತ್ ಖರೀದಿ ದರ ಹೆಚ್ಚುಕಮ್ಮಿ ಆದಾಗ ಹಾಕೋದು. ಮನೆಬಳಕೆಗೆ ಇವೆಲ್ಲದರ ಮೇಲೆ ಶೇ 16 ವೀಜ ಶುಲ್ಕ ಅಂದರೆ ಸರ್ಕಾರದ ತೆರಿಗೆ. ಹಾಗಾಗಿ ಯೂನಿಟ್ ದರ ಗುಣಿಸಿ ನೋಡಿ ‘ಬಿಲ್ ತಪ್ಪಾಗಿದೆ’ ಅನ್ನಬೇಡಿ, ಎಲ್ಲ ಕೂಡಿಸಿ ನೋಡಿ.

ಎರಡು ಕಡೆ ಹುಷಾರು. ಒಂದು, ವರ್ಷಕ್ಕೊಮ್ಮೆ ಏಪ್ರಿಲ್ ಆದಮೇಲೆ ಮಹಾವಿತರಣದಿಂದ ಹೆಚ್ಚುವರಿ ಸುರಕ್ಷಾ ಠೇವಿ ಅಂತ ಬೇರೆ ಬಿಲ್ ಬರುತ್ತದೆ. ಹೋದ ವರ್ಷದ ಬಳಕೆ ನೋಡಿ ಡಿಪಾಸಿಟ್ ಕಮ್ಮಿ ಇದ್ದರೆ ತುಂಬಿ ಅನ್ನೋದು. ಆ ಡಿಪಾಸಿಟ್ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಖಾತೆಗೆ ಸೇರುತ್ತದೆ, ಅದಕ್ಕೆ ಬಡ್ಡಿಯೂ ಅವರಿಗೇ ಸಿಗುತ್ತದೆ. ಕನೆಕ್ಷನ್ ಓನರ್ ಹೆಸರಲ್ಲಿದೆ. ಅಂದಮೇಲೆ ಅದನ್ನು ಕಟ್ಟಬೇಕಾದವರು ಓನರ್. ಎಷ್ಟೋ ಬಾಡಿಗೆದಾರರು ಕರೆಂಟ್ ಬಿಲ್ ಅಂತ ತಿಳಿದು ತಾವೇ ತುಂಬಿಬಿಡುತ್ತಾರೆ, ಹೋಗುವಾಗ ಯಾರೂ ವಾಪಸ್ ಕೊಡಲ್ಲ.

ಎರಡನೆಯದು ಸಬ್‌ಮೀಟರ್. ಬಂಗಲೆ ಮಹಡಿ ಮೇಲೆ, ಸಣ್ಣ ಬಿಲ್ಡಿಂಗ್‌ಗಳಲ್ಲಿ ಒಂದೇ ಮೀಟರಿನಿಂದ ಎರಡು ಮನೆಗೆ ಕೊಟ್ಟಿರುತ್ತಾರೆ. ದರ 100 ಯೂನಿಟ್‌ತನಕ ಒಂದು, 300ರತನಕ ಒಂದು, 500ರತನಕ ಇನ್ನೊಂದು, ಹೀಗೆ ಮೆಟ್ಟಿಲು. ಎರಡು ಮನೆಯವರು 200, 200 ಉರಿಸಿದರೆ ಮೀಟರಿಗೆ ಅದು 400. ಬೇರೆ ಬೇರೆ ಮೀಟರ್ ಇದ್ದಿದ್ದರೆ ಇಬ್ಬರಿಗೂ ಮೊದಲ 100 ಅಗ್ಗದ ದರ, ಮೂರನೇ ಮೆಟ್ಟಿಲೇ ಹತ್ತುತ್ತಿರಲಿಲ್ಲ. ಈಗ ಒಂದು 100 ಯೂನಿಟ್ ಅಗ್ಗದ ಮೆಟ್ಟಿಲಿಂದ ಮೂರನೇ ಮೆಟ್ಟಿಲಿಗೆ ಹೋಯಿತು. ಬೇರೆ ಮೀಟರ್ ಇರುವ ಮನೆಯನ್ನೇ ಆರಿಸಿ.

ಹುಬ್ಳಿಯಿಂದ ವಾಕಡ್‌ಗೆ

ಪಾಟೀಲ ಅಣ್ಣಾ, ನಮ್ಮದು ಬೇರೆ ಮೀಟರ್. ಹಳೆ ಬಾಡಿಗೆದಾರರು ಬಾಕಿ ಉಳಿಸಿದ್ದರೆ ನಮ್ಮ ತಲೆಗೆ ಬರುತ್ತಾ?

ಮುಲುಂಡ್ ಪಾಟೀಲ

ಬಾಕಿ ಆ ಕನೆಕ್ಷನ್‌ಗೆ ಅಂಟಿಕೊಂಡಿರುತ್ತದೆ. ಕಟ್ಟದಿದ್ದರೆ ಕತ್ತರಿಸೋದು ನಿಮ್ಮ ಮನೆಯ ಕರೆಂಟು. ಬಿಲ್ಲಿನ ಮೇಲಿರುವ 12 ಅಂಕಿಯ ಗ್ರಾಹಕ ಸಂಖ್ಯೆ ತಗೊಂಡು ಆ್ಯಪ್‌ನಲ್ಲಿ ಹಾಕಿ ನೋಡಿ, ಬಾಕಿ ಎಷ್ಟು ಅಂತ ತಕ್ಷಣ ಕಾಣುತ್ತದೆ. ಕೀಲಿ ತಗೊಳ್ಳೋ ದಿನ ಮೀಟರ್ ಫೋಟೋ ತೆಗೆದು ಓನರ್‌ಗೆ ಕಳಿಸಿ. ಗ್ಯಾಸ್ ಮೀಟರಿಗೂ ಅದನ್ನೇ ಮಾಡಿ.

ಖಾರ್ಘರ್ ಅಮ್ಮ

ಗ್ಯಾಸ್ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತೆ, ಅದಕ್ಕೆ ಮರೆತುಬಿಡ್ತೇವೆ. ಪುಣೆಯಲ್ಲಿ ಎಂಎನ್‌ಜಿಎಲ್ ಕಂಪನಿ, ನಮ್ಮ ಕಡೆ ಮಹಾನಗರ ಗ್ಯಾಸ್. ಡಿಪಾಸಿಟ್ ಓನರ್ ಕಟ್ಟಿರುತ್ತಾರೆ, ನೀವು ಉರಿಸಿದ್ದಕ್ಕೆ ಮಾತ್ರ ಕೊಡಿ. ಮನೆ ಬಿಡೋವಾಗ ಕೊನೇ ಬಿಲ್ ಬಂದಿರಲ್ಲ, ಆ ನೆಪದಲ್ಲಿ ಡಿಪಾಸಿಟ್ ಹಿಡಿದಿಟ್ಟುಕೊಳ್ಳುತ್ತಾರೆ. ರೀಡಿಂಗ್ ನೋಡಿ ಅಂದಾಜು ಲೆಕ್ಕ ಹಾಕಿ ಅಷ್ಟು ಮುರಿದುಕೊಂಡು ಉಳಿದದ್ದು ಅವತ್ತೇ ಕೊಡಿ ಅಂತ ಕೇಳಬೇಕು.

ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳೋದೂ ಇದೆ. ಅದನ್ನೂ ಮೊದಲೇ ಮಾತಾಡಿ.

ಠಾಣೆ ಹೊಸ ಟವರ್

ನಮ್ಮಂಥ ದೊಡ್ಡ ಟವರ್‌ಗಳವರಿಗೆ ಒಂದು ವಿಷಯ. ಮೇಂಟೆನೆನ್ಸ್ ಒಬ್ಬ ಸದಸ್ಯನಿಗೆ ತಿಂಗಳಿಗೆ 7,500 ಮೀರಿ, ಸೊಸೈಟಿಯ ವಾರ್ಷಿಕ ವಹಿವಾಟೂ 20 ಲಕ್ಷ ಮೀರಿದರೆ ಶೇ 18 ಜಿಎಸ್‌ಟಿ ಬೀಳುತ್ತದೆ. ಜಿಮ್ಮು, ಈಜುಕೊಳ ಇರುವ ಕಡೆ ಇದು ಸಾಮಾನ್ಯ. ಓನರ್ ಹೇಳುವ ಅಂಕಿ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅಂತ ಕೇಳಿಕೊಳ್ಳಿ. ಬಿಲ್ಡರ್ ಇನ್ನೂ ಸೊಸೈಟಿಗೆ ಒಪ್ಪಿಸದ ಕಟ್ಟಡ ಆದರೆ ಓನರ್ ಒಂದೆರಡು ವರ್ಷದ ಮೇಂಟೆನೆನ್ಸ್ ಮುಂಗಡ ಕಟ್ಟಿರುತ್ತಾರೆ. ಅಲ್ಲಿ ತಿಂಗಳ ಬಿಲ್ಲೇ ಇರಲ್ಲ, ಅವರು ಹೇಳಿದ್ದೇ ಲೆಕ್ಕ. ಬಿಲ್ಡರ್ ಕೊಟ್ಟ ರಸೀದಿ ನೋಡಿ ಭಾಗಿಸಿಕೊಳ್ಳಿ.

ಕೋಥ್ರೂಡ್ ವಕೀಲರ ಮನೆ

ಸಂಬಳದವರು ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯ ಬಗ್ಗೆಯೂ ಯೋಚಿಸಿ. ಅದರ ತೆರಿಗೆ ವಿನಾಯಿತಿ ಲೆಕ್ಕಕ್ಕೆ ಹಿಡಿಯೋದು ಕಟ್ಟಿದ ಬಾಡಿಗೆ. ಮೇಂಟೆನೆನ್ಸನ್ನು ಬೇರೆಯಾಗಿ ಸೊಸೈಟಿಗೆ ಕಟ್ಟಿದರೆ ಸಾಮಾನ್ಯವಾಗಿ ಅದು ಬಾಡಿಗೆ ಅಂತ ಲೆಕ್ಕಕ್ಕೆ ಬರಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಇದು. ಹಾಗಾಗಿ 3,200 ಬೇರೆ ಅನ್ನೋದಕ್ಕಿಂತ ಬಾಡಿಗೆಯೇ 31,200, ಮೇಂಟೆನೆನ್ಸ್ ಸೇರಿ ಅಂತ ಬರೆಸಿದರೆ ನಿಮಗೆ ಅನುಕೂಲ. ಓನರ್‌ಗೆ ಅಷ್ಟು ಆದಾಯ ಜಾಸ್ತಿ ತೋರಿಸಬೇಕಾಗುತ್ತದೆ, ಅವರು ಒಪ್ಪಬೇಕು.

ಹುಬ್ಳಿಯಿಂದ ವಾಕಡ್‌ಗೆ

ಎಲ್ಲರಿಗೂ ಬಹಳ ಉಪಕಾರ ಆತ್ರೀ. ಓನರ್ ಜೊತೆ ಫೋನಿನಲ್ಲಿ ಮಾತಾಡಿದೆ. ಬಿಲ್ ಎದುರಿಗಿಟ್ಟುಕೊಂಡು ಒಂದೊಂದೇ ಸಾಲು ಕೇಳಿದೆ. ನಾನ್ ಆಕ್ಯುಪೆನ್ಸಿಗೆ ಶೇ 10ರ ಮಿತಿ ಇದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ, ಮೊದಲಿನಿಂದ 750 ಕಟ್ಟುತ್ತಾ ಬಂದಿದ್ದಾರೆ. ಆದೇಶದ ತಾರೀಖು ಬರೆದುಕೊಂಡರು, ಕಮಿಟಿಗೆ ಪತ್ರ ಕೊಡುತ್ತೇನೆ ಅಂದರು. ರಿಪೇರಿ ಫಂಡ್, ಸಿಂಕಿಂಗ್ ಫಂಡ್ ತಾವೇ ಕಟ್ಟಲು ಒಪ್ಪಿದ್ದಾರೆ. ನಮ್ಮ ಪಾಲು 3,200, ಅಗ್ರಿಮೆಂಟಿನಲ್ಲಿ ಅಂಕಿ ಸಮೇತ ಬರೆಯೋದು. ಬಾಡಿಗೆಯೊಳಗೆ ಸೇರಿಸಲು ಒಪ್ಪಲಿಲ್ಲ, ಇರಲಿ. ಅಗ್ರಿಮೆಂಟ್ ಖರ್ಚು ಅರ್ಧ ಅರ್ಧ.

ಟ್ಯಾಂಕರ್ ಬಗ್ಗೆ ಕೇಳಿದಾಗ ಮೇ ತಿಂಗಳ ಬಿಲ್ ಕಳಿಸಿದರು. ಅದರಲ್ಲಿ 1,150 ಬೇರೆ ಸಾಲಿದೆ. ಬೇಸಿಗೆಗೆ ಅಷ್ಟು ಎತ್ತಿಡಬೇಕು. ಶಿಫ್ಟಿಂಗ್ ಚಾರ್ಜ್ ಮಾತ್ರ ಸೊಸೈಟಿಯವರು ಬಿಡುತ್ತಿಲ್ಲ. ಠರಾವಿನ ನಕಲು ಕೊಡಿ ಅಂತ ಓನರ್ ಕೇಳಿದ್ದಾರೆ, ಇನ್ನೂ ಬಂದಿಲ್ಲ.

ಡೊಂಬಿವ್ಲಿ ಅಕ್ಕ

ಒಳ್ಳೆಯದಾಯಿತು ತಮ್ಮಾ, ಓನರ್ ಒಳ್ಳೆಯವರು ಸಿಕ್ಕಿದ್ದಾರೆ. ಶಿಫ್ಟಿಂಗ್ ವಿಷಯ ಸಾಮಾನು ಬರುವ ಮೊದಲೇ ಮುಗಿಯಲಿ. ಕಟ್ಟಲೇಬೇಕಾಗಿ ಬಂದರೆ ಗೇಟಿನಲ್ಲಿ ಕ್ಯಾಶ್ ಕೊಡಬೇಡಿ, ಸೊಸೈಟಿ ಬ್ಯಾಂಕ್ ಖಾತೆಗೆ ಹಾಕಿ, ‘ಶಿಫ್ಟಿಂಗ್ ಚಾರ್ಜ್’ ಅಂತ ಬರೆದ ರಸೀದಿ ತಗೊಳ್ಳಿ. ಆಮೇಲೆ ಓನರ್ ಉಪನಿಬಂಧಕರ ಹತ್ತಿರ ಹೋದರೆ ಆ ರಸೀದಿ ಬೇಕಾಗುತ್ತದೆ. ಅಗ್ರಿಮೆಂಟಿನ ಕರಡು ಬಂದಾಗ ಮೇಂಟೆನೆನ್ಸ್ ಇರುವ ಪ್ಯಾರಾ ಇಲ್ಲಿ ಹಾಕಿ, ನೋಡೋಣ.

ಹುಬ್ಳಿಯಿಂದ ವಾಕಡ್‌ಗೆ

ಹಾಕ್ತೀನಿ ಅಕ್ಕಾ. ಏಜೆಂಟ್ ಸೋಮವಾರ ಕಳಿಸ್ತೀನಿ ಅಂದಿದ್ದಾನೆ.